ಬಹಿರಂಗ ಉಪವಾಸ ಪ್ರಾರ್ಥನೆ: ಶಾಸ್ತ್ರಾಧಾರವೇನು?

ಪ್ರಶ್ನೆ:
ಉಪವಾಸ ಮಾಡುವಾಗ ಅದು ಜನರಿಗೆ ಕಾಣದಂತೆ, ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕೆಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಹೇಳುತ್ತಾರೆ. ಹಾಗಿರುವಾಗ ಸಾವಿರಾರು ಜನರು ಮೈದಾನದಲ್ಲಿ ನೆರೆದು, ಧ್ವನಿವರ್ಧಕವಿಟ್ಟು ಉಪವಾಸ ಪ್ರಾರ್ಥನೆ ನಡೆಸುವುದು ಆ ಮಾತಿಗೆ ವಿರುದ್ಧವಲ್ಲವೇ?

ಉತ್ತರ 1:
ಅಲ್ಲಿ ಖಂಡಿಸಿರುವುದು ಜನರ ಮೆಚ್ಚುಗೆಗಾಗಿ ಮಾಡುವ ಪ್ರದರ್ಶನವನ್ನು, ಒಟ್ಟುಗೂಡುವುದನ್ನಲ್ಲ. ಬೈಬಲಿನ ಹಳೆಯ ಒಡಂಬಡಿಕೆಯ ಯೋವೇಲನ ಗ್ರಂಥದ 2ನೆಯ ಅಧ್ಯಾಯವಂತೂ ಕೊಂಬೂದಿ ಉಪವಾಸವನ್ನು ಸಾರಿ, ವೃದ್ಧರನ್ನೂ ಮೊಲೆಗೂಸುಗಳನ್ನೂ ಸೇರಿಸಿರಿ, ಮದುಮಗನೂ ತನ್ನ ಕೋಣೆಯಿಂದ ಹೊರಬರಲಿ ಎನ್ನುತ್ತದೆ. ಯೋನನ ಗ್ರಂಥದಲ್ಲಿ ಬರುವ ನಿನೆವೆ ಪಟ್ಟಣದಲ್ಲಿ ಉಪವಾಸ ಸಾರಿದಾಗ, ದನಕುರಿಗಳಿಗೂ ಮೇವು ನೀರು ಕೊಡಬಾರದೆಂದು ಅರಸನೇ ಆಜ್ಞೆ ಹೊರಡಿಸಿದ್ದನು. (ಪಾಪ, ಅವುಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.)

ಉತ್ತರ 2:
ಸಿರಿಯಾದ ಶಾಂತಿಗಾಗಿ ಪೋಪ್ ಫ್ರಾನ್ಸಿಸ್ ಅವರು 2013ರ ಸೆಪ್ಟೆಂಬರ್ 7ರಂದು ಉಪವಾಸಕ್ಕೆ ಕರೆ ಕೊಟ್ಟಾಗ, ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಸಂಜೆ 7ರಿಂದ 11ರವರೆಗೆ ಜಾಗರಣೆ ನಡೆಯಿತು. ಜಪಮಾಲೆ, ಪರಮಪ್ರಸಾದದ (ಕ್ರಿಸ್ತನ ಶರೀರವೆಂದು ಕಥೋಲಿಕರು ನಂಬುವ ರೊಟ್ಟಿಯ) ಆರಾಧನೆ, ನಡುನಡುವೆ ದೀರ್ಘ ಮೌನ. ಅಷ್ಟು ದೊಡ್ಡ ಜನಸ್ತೋಮ ಮೌನವಾಗಿ ಕುಳಿತಿರುವುದನ್ನು ಆಡಂಬರವೆನ್ನಲು ನನಗೆ ಮನಸ್ಸು ಬಾರದು.

ಪ್ರಶ್ನೆ ಕೇಳಿದವರು:
ಯೋವೇಲನ ವಚನವನ್ನು ನಾನು ಗಮನಿಸಿರಲಿಲ್ಲ, ಧನ್ಯವಾದಗಳು. ಆದರೆ ಎಷ್ಟು ದಿನ ಉಪವಾಸವಿದ್ದೆನೆಂದು ವೇದಿಕೆಯ ಮೇಲೆ ಎಣಿಸಿ ಹೇಳುವವರ ಬಗ್ಗೆ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ.