ತಲಬಾಗಿಲ ಒಳಗಿನ ಜಾಗ: ಬಾಗಿಲಿರುವ ಕಪಾಟೋ, ಕಲ್ಲಿನ ಕಟ್ಟೆಯೋ?

ಗುಂಪು: ಸಿರುಗುಪ್ಪ ಮನೆಯವರು

ತಂಗಿ: (ವೀಡಿಯೊ: ಸಣ್ಣ ಮಡ್‌ರೂಮ್ ಅನ್ನು, ಅಂದರೆ ಬೂಟು, ಕೋಟು ಕಳಚಿಡುವ ಬಾಗಿಲ ಬಳಿಯ ಕೋಣೆಯನ್ನು, ನೀವೇ ಅಚ್ಚುಕಟ್ಟು ಮಾಡಿಕೊಳ್ಳಿ)
ಚಿಕ್ಕಪ್ಪ, ತಲಬಾಗಿಲಿಗೂ ಪಡಸಾಲೆಗೂ ನಡುವಿನ ಇಕ್ಕಟ್ಟಾದ ಜಾಗಕ್ಕೆ ಇದೇ ಸರಿ. ಪೂರ್ತಿ ನೋಡಿ. ಚಪ್ಪಲಿಗೆ ಬಾಗಿಲಿರುವ ಕಪಾಟು, ಮೇಲೆ ಮೆತ್ತೆ ಹಾಕಿದ ಬೆಂಚು, ನೆಲಕ್ಕೆ ಜಮಖಾನೆ. ಪ್ಲೈವುಡ್ ತರಿಸಿಡಿ, ದಸರಾ ರಜೆಗೆ ಬಂದು ನಾನೇ ಮಾಡುತ್ತೇನೆ.

ಚಿಕ್ಕಪ್ಪ: ನೋಡಿದೆ, ಚೆನ್ನಾಗಿದೆ. ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ನನ್ನ ಪಂಪು, ಸಲಿಕೆ ಇಡಲು ಅದರಲ್ಲೇ ಒಂದು ಖಾನೆ ಇರಲಿ.

ಅಣ್ಣ: ಜಾಗದ ಅಗಲ ನಾಲ್ಕೂವರೆ ಅಡಿ. ಕಪಾಟಿನ ಆಳ ಒಂದೂಕಾಲು ಅಡಿ. ಬಾಗಿಲು ತೆರೆದರೆ ಇನ್ನೊಂದು ಅಡಿ ಹೋಯಿತು. ಭತ್ತದ ಚೀಲ ಹೊತ್ತವರು ಎಲ್ಲಿ ಕಾಲಿಡಬೇಕು?

ತಂಗಿ: ಜಾರುವ ಬಾಗಿಲು ಹಾಕಿದರಾಯಿತು. ಈಗ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಚಪ್ಪಲಿಗಳ ರಾಶಿ. ನನಗೆ ಅದು ಸಹಿಸಲಾಗದು.

ನಾನು: ರಾಶಿ ಹೋಗಬೇಕು ಎನ್ನುವುದು ನಿಜ. ಆದರೆ ವೀಡಿಯೊದ ಮನೆ ಹಿಮ ಬೀಳುವ ಊರಿನದು. ಅಲ್ಲಿನವರು ಹಿಮ ಮೆತ್ತಿದ ಬೂಟು, ದಪ್ಪ ಕೋಟು ಕಳಚಿಟ್ಟು ಬೆಚ್ಚಗಿನ ಮನೆಯೊಳಗೆ ಹೋಗುತ್ತಾರೆ. ನಮ್ಮದು ಎರೆ ಮಣ್ಣು. ನಾಟಿಯ ದಿನಗಳಲ್ಲಿ ಗದ್ದೆಯಿಂದ ಬಂದವರ ಕಾಲಿಗೆ ಅದು ಅಂಟಿಕೊಂಡೇ ಬರುತ್ತದೆ, ಒಣಗಿದರೆ ಹೆಂಟೆಯಾಗಿ ಗಟ್ಟಿಯಾಗುತ್ತದೆ. ಜಮಖಾನೆಗೆ ಒಮ್ಮೆ ಹಿಡಿದರೆ ಬಿಡಿಸುವವರು ಯಾರು? ಚಿಕ್ಕಮ್ಮ. ಬಾಗಿಲ ಹೊರಗೊಂದು ನಲ್ಲಿ, ಒಳಗೆ ತೊಳೆಯಬಹುದಾದ ಕಲ್ಲಿನ ಕಟ್ಟೆ, ಅದರ ಕೆಳಗೆ ಗಾಳಿಯಾಡುವ ಎರಡು ಹಲಗೆ ಸಾಕು. ಕಟ್ಟೆಯ ಎತ್ತರ ಒಂದೂವರೆ ಅಡಿ ಇದ್ದರೆ ಅಜ್ಜಿ ಕುಳಿತು ಏಳಲು ಸಲೀಸು. ಹಲಗೆಯ ಆಳ ಒಂದು ಅಡಿ ಇದ್ದರೆ ದೊಡ್ಡ ಚಪ್ಪಲಿಯೂ ಹಿಡಿಯುತ್ತದೆ.

ಅತ್ತಿಗೆ: ಚೇಳಿನ ಮಾತನ್ನು ಯಾರೂ ಎತ್ತಲಿಲ್ಲ. ಅದಕ್ಕೆ ಕತ್ತಲೆ, ಸಂದುಗೊಂದು ಇದ್ದರೆ ಸಾಕು. ಮುಚ್ಚಿದ ಕಪಾಟಿನ ಶೂಗಳಿಗೆ ಮಕ್ಕಳು ನೋಡದೆ ಕಾಲು ತೂರಿಸುತ್ತಾರೆ. ನೆಲಕ್ಕೆ ತಾಗಿಸಿ ಪ್ಲೈವುಡ್ ಇಟ್ಟರೆ ಗೆದ್ದಲಿಗೂ ಅನುಕೂಲ.

ತಂಗಿ: ನಾನು ಏನು ಹೇಳಿದರೂ ಬೇಡ. ಮನೆ ಚೆಂದ ಇರಲಿ ಎನ್ನುವುದು ತಪ್ಪೇ?

ಚಿಕ್ಕಮ್ಮ: ತಪ್ಪಲ್ಲ ಕಣಮ್ಮ. ನೀನು ಹೇಳದಿದ್ದರೆ ಈ ಮೂಲೆಯ ಬಗ್ಗೆ ಯಾರೂ ಮಾತಾಡುತ್ತಲೇ ಇರಲಿಲ್ಲ. ಅಜ್ಜಿ ಹೇಳಿದ್ದನ್ನು ಬರೆಯುತ್ತಿದ್ದೇನೆ: ‘ದಿನಾ ಹೊಸ್ತಿಲು ತೊಳೆದು ಅರಿಶಿನ, ಕುಂಕುಮ ಇಡುತ್ತೇವೆ. ಚಪ್ಪಲಿ ಅದರ ನೇರಕ್ಕೆ ಬರಕೂಡದು. ಎಡಗಡೆಯ ಗೋಡೆಗೆ ಏನಾದರೂ ಮಾಡಿಕೊಳ್ಳಿ.’

ಅಣ್ಣ: ಎಡಗಡೆ ಸರಿ, ಬಾಗಿಲು ತೆರೆಯುವುದು ಬಲಕ್ಕೆ. ನಲ್ಲಿಯ ನೀರು ನೇರ ಚರಂಡಿಗೆ ಹೋಗಬಾರದು, ಎರೆ ಮಣ್ಣು ಕೊಳವೆ ಕಟ್ಟಿಬಿಡುತ್ತದೆ. ನಡುವೆ ಮಣ್ಣು ತಂಗಲು ಸಣ್ಣ ಗುಂಡಿ ಬೇಕು, ಆಗಾಗ ಎತ್ತಿ ಹಾಕಬೇಕು. ಗೋಡೆಗೆ ಕೆಳಗಿನ ನಾಲ್ಕು ಅಡಿಯವರೆಗೆ ಎಣ್ಣೆ ಬಣ್ಣ ಬಳಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಕೊಕ್ಕೆಗಳನ್ನು ಬಿಡಿಬಿಡಿಯಾಗಿ ಹೊಡೆಯಬೇಡಿ. ಎರೆ ನೆಲ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವುದರಿಂದ ಆ ಗೋಡೆ ಈಗಾಗಲೇ ಬಿರುಕು ಬಿಟ್ಟಿದೆ. ಉದ್ದನೆಯ ಹಲಗೆ ಕೂರಿಸಿ ಅದಕ್ಕೆ ಕೊಕ್ಕೆ ಹಾಕಿ. ಮಕ್ಕಳಿಗೆ ಮೂರೂವರೆ ಅಡಿ ಎತ್ತರದಲ್ಲಿ ಬೇರೆ ಸಾಲು.

ಚಿಕ್ಕಪ್ಪ: ಎಲ್ಲ ಸರಿ. ಪಂಪಿನ ಖಾನೆ ಎಲ್ಲಿ?

ನಾನು: ಚಿಕ್ಕಪ್ಪ, ಪಂಪು ಮನೆಯೊಳಗೆ ಬೇಡವೇ ಬೇಡ. ತೊಳೆದಿಟ್ಟರೂ ಹೆಗಲ ಪಟ್ಟಿಗೆ, ಕೊಳವೆಗೆ ವಿಷ ಹಿಡಿದಿರುತ್ತದೆ, ಅದು ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಅದರ ಪಕ್ಕದಲ್ಲೇ ಮಕ್ಕಳ ಶಾಲೆಯ ಚೀಲ ನೇತಾಡಬೇಕೇ? ಡಬ್ಬಿಯ ಮೇಲಿನ ವಜ್ರಾಕಾರದ ಗುರುತು ನೋಡಿ. ಕೆಂಪು ಇದ್ದರೆ ಅತ್ಯಂತ ವಿಷ, ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಹಸಿರು.

ಚಿಕ್ಕಪ್ಪ: ಗುರುತು ನನಗೂ ಗೊತ್ತು. ಕೊಟ್ಟಿಗೆಯಲ್ಲಿಟ್ಟರೆ ಕಳುವಾಗುತ್ತದೆ. ಹೊಸ ಬ್ಯಾಟರಿ ಪಂಪು, ದುಡ್ಡು ಕೊಟ್ಟವನು ನಾನು.

ನಾನು: ಕೊಟ್ಟಿಗೆಯೂ ಬೇಡ, ಅಲ್ಲಿ ಮೇವು ಇದೆ. ಹಿತ್ತಲ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿ ಬೀಗ ಹಾಕೋಣ. ಪಂಪು, ಡಬ್ಬಿ, ಕೈಗವಸು ಎಲ್ಲ ಅದರಲ್ಲಿ. ಎಣ್ಣೆ ಹೊಡೆದ ದಿನ ಹಿತ್ತಲಿನಿಂದಲೇ ಬನ್ನಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಪೆಟ್ಟಿಗೆಯ ಖರ್ಚು ನನ್ನದು.

ಚಿಕ್ಕಮ್ಮ: ಈ ಮಾತನ್ನು ನಾನೂ ಹೇಳಿದ್ದೆ, ಕೇಳಲಿಲ್ಲ. ಈಗಲಾದರೂ ಕೇಳಿ.

ಚಿಕ್ಕಪ್ಪ: ಬೀಗ ಗಟ್ಟಿಯಾಗಿದ್ದರೆ ಆಗಲಿ.

ತಂಗಿ: ಸರಿ, ಕಟ್ಟೆ ಒಪ್ಪಿದೆ. ಆದರೆ ಹಲಗೆಯ ಮುಂದೆ ಏನೂ ಇಲ್ಲದಿದ್ದರೆ ಮತ್ತೆ ರಾಶಿಯೇ. ಪಟ್ಟಿ ಪಟ್ಟಿಯಾಗಿ ಸಂದು ಬಿಟ್ಟ ಬಾಗಿಲಾದರೆ ಗಾಳಿ, ಬೆಳಕು ಎರಡೂ ಒಳಗೆ ಹೋಗುತ್ತವಲ್ಲ?

ಅತ್ತಿಗೆ: ಸಂದಿನಲ್ಲಿ ಚೇಳು ಹೋಗದೇ?

ಅಣ್ಣ: ಕೆಳಹಲಗೆಯನ್ನು ನೆಲದಿಂದ ಅರ್ಧ ಅಡಿ ಎತ್ತಿ, ಅದರಡಿ ದಿನವೂ ಪೊರಕೆ ಆಡುವಂತಿರಲಿ. ಬಾಗಿಲು ಬೇಡ ಎಂದೇ ನನ್ನ ಅಭಿಪ್ರಾಯ. ಚೆಂದಕ್ಕೆ ಬೇರೆ ದಾರಿಗಳಿವೆ.

ತಂಗಿ: ಹಾಗಿದ್ದರೆ ಅಲಂಕಾರ ನನಗೆ ಬಿಡಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಹತ್ತಿರ ಕತ್ತರಿಸಿ ಉಳಿದ ತುಂಡುಗಳಿರುತ್ತವೆ. ಅಕ್ಕ, ನೀನು ಅಲ್ಲೇ ಇದ್ದೀಯ, ಒಂದು ಚೀಲ ತಂದುಕೊಡು. ಗೋಡೆಗೆ ತೂಗುವ ಜೇಬುಗಳ ಪಟ್ಟಿ ಹೊಲಿಯುತ್ತೇನೆ. ಟಾರ್ಚು, ಬೀಗದ ಕೈ, ಪಂಪ್‌ಸೆಟ್ ಚೀಟಿ ಎಲ್ಲ ಅದರಲ್ಲಿ. ಗಟ್ಟಿ ಬಟ್ಟೆ, ಕೊಳೆಯಾದರೆ ಒಗೆಯಬಹುದು. ಮೇಲಿನ ಗೂಡಿನಲ್ಲಿ ಕಿನ್ನಾಳದ ಮರದ ಗಿಳಿ ಬೊಂಬೆ ಇಡುತ್ತೇನೆ, ಅಷ್ಟು ಎತ್ತರಕ್ಕೆ ನೀರು ಸಿಡಿಯುವುದಿಲ್ಲ.

ನಾನು: ಖಂಡಿತ ತರುತ್ತೇನೆ. ಛತ್ರಿ, ರೈನ್‌ಕೋಟಿಗೆ ಮಾತ್ರ ಹೊರಗಿನ ಕೊಕ್ಕೆ, ಅವು ತೊಟ್ಟಿಕ್ಕುತ್ತವೆ.

ಚಿಕ್ಕಪ್ಪ: ಕಟ್ಟೆಗೆ ಕಲ್ಲು ಯಾವುದು? ಕಡಪವೋ, ಶಹಾಬಾದೋ?

ಅಣ್ಣ: ಶಹಾಬಾದ್. ನುಣುಪು ಮಾಡಿದ್ದು ಬೇಡ, ಒದ್ದೆ ಕಾಲು ಜಾರುತ್ತದೆ. ಕಡಪ ಕಪ್ಪು, ಒಣಗಿದ ಮಣ್ಣಿನ ಕಲೆ ಎದ್ದು ಕಾಣುತ್ತದೆ. ನಾಳೆ ಎಡಗೋಡೆಯ ಉದ್ದ ಅಳೆದು ಕಳುಹಿಸಿ ಚಿಕ್ಕಪ್ಪ, ಕಲ್ಲಿನವನ ಹತ್ತಿರ ನಾನು ಮಾತಾಡುತ್ತೇನೆ.

ಚಿಕ್ಕಮ್ಮ: ಮೊದಲು ನಲ್ಲಿ ಹಾಕಿಸಿ. ಕಟ್ಟೆ ಆಮೇಲಾದರೂ ಆಗುತ್ತದೆ.