ಹಣೆಗೆ ‘ಬಿಡುವುದೋ’, ‘ಹಿಡಿಯುವುದೋ’?

ಎಲ್ಲರಿಗೂ ನಮಸ್ಕಾರ. ಕಾರವಾರದ ಹತ್ತಿರದ ಒಂದು ಶಾಲೆಗೆ ಮುಟ್ಟದೆ ಜ್ವರ ನೋಡುವ ಥರ್ಮಾಮೀಟರ್ ಬಂದಿದೆ. ಅದನ್ನು ಬಳಸುವ ಕ್ರಮವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡಲು ಒಪ್ಪಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಕ್ರಿಯಾಪದ. ಕೊರೊನಾ ಕಾಲದಿಂದ ಇಲ್ಲಿ ಎಲ್ಲರ ಬಾಯಲ್ಲೂ ‘ಹಣೆಗೆ ಲೈಟ್ ಬಿಡುವುದು’ ಅಂತಲೇ ಇದೆ. ಆದರೆ ಜ್ವರ ಅಳೆಯಲು ಆ ಯಂತ್ರ ಯಾವ ಕಿರಣವನ್ನೂ ಬಿಡುವುದಿಲ್ಲ. ನಮ್ಮ ಚರ್ಮದಿಂದಲೇ ಸದಾ ಹೊರಡುವ, ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಕಿರಣವನ್ನು ಅಳೆಯುತ್ತದೆ, ಅಷ್ಟೇ. ‘ಬಿಡುವುದು’ ಎಂಬ ಮಾತು ಸುಮ್ನೆ ಹೋಗುವುದಿಲ್ಲ. ತಲೆಗೆ ಏನಾದರೂ ಆದೀತು ಎಂಬ ಹೆದರಿಕೆಯಿಂದ ಜನ ಅಂಗೈ ಚಾಚುತ್ತಾರೆ. ಹಣೆಗೆಂದು ಮಾಡಿದ ಯಂತ್ರ ಅಂಗೈಗೆ ಸರಿಯಾದ ಅಂಕಿ ತೋರಿಸುವುದಿಲ್ಲ, ಅಲ್ವಾ? ಅದಕ್ಕೇ ‘ಮುಖಕ್ಕೆ ಕನ್ನಡಿ ಹಿಡಿದ ಹಾಗೆ ಹಣೆಯ ಎದುರು ನೇರವಾಗಿ ಹಿಡಿಯಿರಿ’ ಎಂದು ಬರೆದೆ. ನಮ್ಮ ಪೆಟ್ಟಿಗೆಯ ಮೇಲೆ 3ರಿಂದ 5 ಸೆಂಟಿಮೀಟರ್ ಅಂತಿದೆ. ಅದನ್ನು ‘ಎರಡು ಬೆರಳಗಲ ದೂರ’ ಎಂದೆ.

ಎರಡನೆಯದೇ ಕಷ್ಟದ್ದು: ಯಂತ್ರ ತೋರಿಸುವ ‘ಟೆಂಪರೇಚರ್’ಗೆ ಏನೆನ್ನುವುದು? ‘ಉಷ್ಣ’ ಬೇಡ. ಹಲಸಿನ ಹಣ್ಣು ಜಾಸ್ತಿ ತಿಂದರೆ ಆಗುವುದು ನಮಗೆ ‘ಉಷ್ಣ’, ಅದಕ್ಕೆ ಮುರುಗಲು (ಕೋಕಂ) ಪಾನಕ ಕುಡಿಯುತ್ತೇವೆ. ‘ಮೈಬಿಸಿ’ ಚೆನ್ನಾಗಿದೆ. ಆದರೆ ಯಂತ್ರದಲ್ಲಿ ಎರಡು ಆಯ್ಕೆ ಇವೆ: ‘ಬಾಡಿ’, ‘ಸರ್ಫೇಸ್’. ಮೊನ್ನೆ ಯಾರೋ ‘ಸರ್ಫೇಸ್’ ಒತ್ತಿಟ್ಟಿದ್ದರು. ಸಾಲಾಗಿ ನಿಂತ ಮಕ್ಕಳಿಗೆಲ್ಲ 94 ಫ್ಯಾರನ್‌ಹೀಟ್ ಆಸುಪಾಸು! ಯಂತ್ರ ಕೆಟ್ಟಿದೆ ಅಂತ ಟೀಚರ್ ಎತ್ತಿಟ್ಟೇ ಬಿಟ್ಟಿದ್ದರು. ಅದು ಕೆಟ್ಟಿರಲಿಲ್ಲ, ಬರೀ ಚರ್ಮದ ಬಿಸಿಯನ್ನು ಹೇಳುತ್ತಿತ್ತು. ‘ಬಾಡಿ’ಗೆ ತಿರುಗಿಸಿದರೆ ಅದರಿಂದ ಒಳಗಿನ ಬಿಸಿಯನ್ನು ಅಂದಾಜು ಮಾಡಿ ತೋರಿಸುತ್ತದೆ.

ಆಮೇಲೂ ಒಬ್ಬ ಹುಡುಗನಿಗೆ 100.2 ಬಂತು. ಬಸ್‌ಸ್ಟಾಪಿನಿಂದ ಬಿಸಿಲಲ್ಲಿ ಆಗಷ್ಟೇ ನಡೆದು ಬಂದಿದ್ದ. ಬೆವರು ಒರೆಸಿ, ಫ್ಯಾನಿನ ಗಾಳಿ ಮುಖಕ್ಕೆ ಬೀಳದ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ ನೋಡಿದರೆ 98.1. ಬಿಸಿಯಾಗಿದ್ದದ್ದು ಹಣೆ ಮಾತ್ರ.

ಈ ವ್ಯತ್ಯಾಸ ತಿಳಿಯಬೇಕಾದರೆ ಎರಡು ಬೇರೆ ಪದ ಬೇಕೇ ಬೇಕು. ‘ಮೇಲ್ಬಿಸಿ’, ‘ಒಳಬಿಸಿ’ ಎಂದು ಬರೆದು ನೋಡಿದೆ. ‘ಒಳಬಿಸಿ’ ಓದಿದ ಕೂಡಲೇ ಪಕ್ಕದ ಮನೆಯ ಅಕ್ಕ, ‘ಒಳಜ್ವರವಾ?’ ಎಂದು ಕೇಳಿದರು. ಮೇಲೆ ಕಾಣದೆ ಒಳಗೇ ಕಾಯುವ ಜ್ವರ ಎಂದು ಅವರ ಎಣಿಕೆ. ಹಾಗಾದರೆ ಆ ಪದವೂ ಹೆದರಿಸುತ್ತದೆ.

ಶಿರಸಿ, ಕುಮಟಾ, ಹೊನ್ನಾವರದ ಕಡೆಯವರು ದಯವಿಟ್ಟು ಹೇಳಿ. ಬಿಸಿಲಿಗೆ ಕಾದ ಹಣೆಗೂ ಜ್ವರದಿಂದ ಕಾದ ಹಣೆಗೂ ನಿಮ್ಮ ಮನೆಯಲ್ಲಿ ಬೇರೆ ಬೇರೆ ಮಾತು ಇದೆಯಾ?