ಸಾಲ್ಟ್ ಲೇಕ್ ಸಿಟಿಯನ್ನು ‘ಮಾರ್ಮನ್ನರ ಮಕ್ಕಾ’ ಎನ್ನಬಹುದೇ?

ಜಿಜ್ಞಾಸು:
ತೌಲನಿಕ ಧರ್ಮಾಧ್ಯಯನದ ಪ್ರಬಂಧಕ್ಕಾಗಿ ಓದುತ್ತಿದ್ದೇನೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯನ್ನು ಮಾರ್ಮನ್ನರ, ಅಂದರೆ ಜೋಸೆಫ್ ಸ್ಮಿತ್ ಹುಟ್ಟುಹಾಕಿದ ಪಂಥದವರ, ಮಕ್ಕಾ ಎಂದು ಕರೆಯುವುದು ಅಲ್ಲಲ್ಲಿ ಕಾಣಿಸುತ್ತದೆ. ಎರಡೂ ಕಡೆ ಪ್ರವಾದಿಯೊಬ್ಬರಿದ್ದಾರೆ, ಹಿಂಸೆಗೆ ಸಿಕ್ಕಿ ಊರು ಬಿಟ್ಟ ಸಮುದಾಯವಿದೆ, ಹೊರಗಿನವರಿಗೆ ಪ್ರವೇಶವಿಲ್ಲದ ಪವಿತ್ರ ಜಾಗವೂ ಇದೆ. ಈ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ? ಮಾರ್ಮನ್ನರಿಗೂ ಯಾತ್ರೆ ಕಡ್ಡಾಯವೇ? ವಿಧಿಗಳ ವಿವರ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮೀಕಾತ್:
ಮಕ್ಕಾದ ಕಡೆಯಿಂದ ಶುರು ಮಾಡುತ್ತೇನೆ. ಹಜ್‌ನಲ್ಲಿ ಜಾಗ, ದಿನ, ಕ್ರಮ ಮೂರನ್ನೂ ಬದಲಿಸುವಂತಿಲ್ಲ. ದೇಹಬಲ, ಹಣಬಲ ಇದ್ದವರಿಗೆ ಜೀವನದಲ್ಲಿ ಒಮ್ಮೆ ಅದು ಕಡ್ಡಾಯ. ನಡೆಯುವುದು ಜುಲ್‌ಹಜ್ ತಿಂಗಳ 8ರಿಂದ 12 ಅಥವಾ 13ರವರೆಗೆ ಮಾತ್ರ. ಚಾಂದ್ರಮಾನ ಪಂಚಾಂಗವಾದ್ದರಿಂದ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ.

ಮಕ್ಕಾದ ಸುತ್ತ ಮೀಕಾತ್ ಎಂಬ ಗಡಿಗಳಿವೆ. ಅದನ್ನು ದಾಟುವ ಮುನ್ನವೇ ಇಹ್ರಾಮ್ (ಯಾತ್ರಿಕರ ವ್ರತಸ್ಥಿತಿ) ಕಟ್ಟಿರಬೇಕು. ಗಂಡಸರಿಗೆ ಹೊಲಿಗೆ ಇಲ್ಲದ ಎರಡು ಬಟ್ಟೆ. ಹೆಂಗಸರಿಗೆ ತಮ್ಮ ಎಂದಿನ ಉಡುಪೇ ಸಾಕು. ಬಟ್ಟೆ ಉಟ್ಟ ಮಾತ್ರಕ್ಕೆ ಇಹ್ರಾಮ್ ಆಗುವುದಿಲ್ಲ, ನಿಯ್ಯತ್, ಅಂದರೆ ಸಂಕಲ್ಪ ಮಾಡಬೇಕು. ವಿಮಾನದಲ್ಲಿ ಜಿದ್ದಾಕ್ಕೆ ಬರುವವರು ಎಡವುವುದು ಇಲ್ಲೇ: ಗಡಿ ಆಕಾಶದಲ್ಲೇ ದಾಟಿಹೋಗುತ್ತದೆ. ಇಳಿದ ಮೇಲೆ ಇಹ್ರಾಮ್ ಕಟ್ಟಿದರೆ ಪರಿಹಾರವಾಗಿ ದಮ್, ಅಂದರೆ ಒಂದು ಆಡು ಅಥವಾ ಕುರಿಯ ಬಲಿ ಕೊಡಬೇಕಾಗುತ್ತದೆ.

ಕಅಬಾವನ್ನು ಎಡಕ್ಕಿಟ್ಟುಕೊಂಡು, ಕಪ್ಪು ಶಿಲೆಯ ಮೂಲೆಯಿಂದ ಹಿಡಿದು 7 ಸುತ್ತು ಬಂದರೆ ಒಂದು ತವಾಫ್. ಕಅಬಾಕ್ಕೆ ಹೊಂದಿಕೊಂಡ ಅರ್ಧವೃತ್ತದ ಗಿಡ್ಡ ಗೋಡೆಯೊಳಗಿನ ಜಾಗ, ಅಂದರೆ ಹತೀಮ್, ಕಅಬಾದ ಭಾಗವೇ. ಹತ್ತಿರದ ದಾರಿ ಎಂದು ಅದರೊಳಗಿಂದ ಹಾದರೆ ಆ ಸುತ್ತು ಲೆಕ್ಕಕ್ಕಿಲ್ಲ. ಆಮೇಲೆ ಸಫಾ ಗುಡ್ಡದಿಂದ ಮರ್ವಾ ಗುಡ್ಡಕ್ಕೆ ಸಯೀ, ಅಂದರೆ ನಡಿಗೆ. ಹೋಗುವುದು ಒಂದು, ಬರುವುದು ಇನ್ನೊಂದು ಎಂದು ಎಣಿಸಿ 7. ಸಫಾದಲ್ಲಿ ಶುರುವಾಗಿ ಮರ್ವಾದಲ್ಲಿ ಮುಗಿಯುತ್ತದೆ. ಹೋಗಿಬಂದದ್ದನ್ನು ಒಂದೇ ಎಂದು ಎಣಿಸಿ 14 ಸಲ ನಡೆದು ದಣಿಯಬೇಕಾಗಿಲ್ಲ.

ಹಜ್‌ನ ಜೀವಾಳ 9ನೇ ದಿನ ಅರಫಾ ಬಯಲಿನಲ್ಲಿ ತಂಗುವುದು. ಅದು ತಪ್ಪಿದರೆ ಆ ವರ್ಷದ ಹಜ್ಜೇ ಇಲ್ಲ, ದಮ್ ಕೊಟ್ಟು ಸರಿಪಡಿಸಲು ಬರುವುದಿಲ್ಲ. ಅಲ್ಲಿನ ನಮಿರಾ ಮಸೀದಿಯ ಮುಂಭಾಗ ಅರಫಾದ ಗಡಿಯ ಹೊರಗೆ ಬೀಳುತ್ತದೆ. ನಮಾಜಿಗೆ ಮುಂದೆ ಹೋದವರು ಸಂಜೆಯವರೆಗೂ ಅಲ್ಲೇ ಕೂತುಬಿಟ್ಟರೆ ಎಲ್ಲವೂ ವ್ಯರ್ಥ. ಗಡಿ ತೋರಿಸುವ ಫಲಕಗಳನ್ನು ನೋಡಿಕೊಳ್ಳಲೇಬೇಕು. ಸೂರ್ಯ ಮುಳುಗಿದ ಮೇಲೆ ಮುಜ್ದಲಿಫಾ, 10ರಂದು ಮಿನಾದಲ್ಲಿ ದೊಡ್ಡ ಜಮರಾಕ್ಕೆ (ಸೈತಾನನ ಸಂಕೇತವಾದ ಕಂಬ) 7 ಕಲ್ಲು, 11 ಮತ್ತು 12ರಂದು ಮೂರೂ ಜಮರಾಗಳಿಗೆ ದಿನಕ್ಕೆ 21. ಒಟ್ಟು 49, 13ರವರೆಗೆ ಉಳಿದರೆ 70.

ಇದರಲ್ಲಿ ಯಾವುದನ್ನೂ ಬೇರೆ ಊರಲ್ಲಿ ಮಾಡಲು ಬರುವುದಿಲ್ಲ. ಮಾರ್ಮನ್ನರಲ್ಲಿ ಇದಕ್ಕೆ ಸಮನಾದ ಸ್ಥಳ ಒಂದೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ನಕಾಶೆ:
ಮೀಕಾತ್ ಅವರ ಮಾತು ಸರಿ. ಮಾರ್ಮನ್ನರಲ್ಲಿ ಪಾವಿತ್ರ್ಯ ನಗರಕ್ಕಲ್ಲ, ಪ್ರತಿಷ್ಠೆಯಾದ ದೇವಾಲಯಕ್ಕೆ ಸೇರಿದ್ದು. ಒಂದು ದೇವಾಲಯದಲ್ಲಿ ನಡೆಯುವ ವಿಧಿಗಳೇ ಉಳಿದವುಗಳಲ್ಲೂ ನಡೆಯುತ್ತವೆ, ಫಲದಲ್ಲಿ ಹೆಚ್ಚು ಕಡಿಮೆ ಇಲ್ಲ. ಸಾಲ್ಟ್ ಲೇಕ್ ದೇವಾಲಯ 2019ರ ಡಿಸೆಂಬರ್ ಕೊನೆಯಲ್ಲಿ ಭೂಕಂಪ ನಿರೋಧಕ ಕಾಮಗಾರಿಗಾಗಿ ಮುಚ್ಚಿದಾಗ ಯಾರ ವಿಧಿಯೂ ನಿಲ್ಲಲಿಲ್ಲ, ಜನ ಬೇರೆ ದೇವಾಲಯಗಳಿಗೆ ಹೋದರು. ಕಅಬಾ ಇರುವ ಮಸ್ಜಿದುಲ್ ಹರಾಮ್ ಅಷ್ಟು ಕಾಲ ಮುಚ್ಚಿದರೆ ಏನಾದೀತು ಎಂದು ಯೋಚಿಸಿ, ವ್ಯತ್ಯಾಸ ತಿಳಿಯುತ್ತದೆ.

ಆದರೂ ಆ ನಗರದ ನಕ್ಷೆ ಗಮನಿಸಬೇಕಾದ್ದು. 1847ರ ಜುಲೈನಲ್ಲಿ ಸ್ಮಿತ್‌ರ ನಂತರದ ನಾಯಕ ಬ್ರಿಗಮ್ ಯಂಗ್ ಮತ್ತು ಮೊದಲ ತಂಡ ಅಲ್ಲಿಗೆ ತಲುಪಿದ ಕೆಲವೇ ದಿನಗಳಲ್ಲಿ ದೇವಾಲಯದ ಜಾಗ ಗುರುತಾಯಿತು. ಊರಿನ ವಿಳಾಸಗಳೆಲ್ಲ ದೇವಾಲಯದ ಚೌಕದ ಆಗ್ನೇಯ ಮೂಲೆಯಿಂದ ಎಣಿಕೆಯಾಗುತ್ತವೆ. ‘300 ದಕ್ಷಿಣ, 500 ಪೂರ್ವ’ ಎಂದರೆ ಆ ಮೂಲೆಯಿಂದ ದಕ್ಷಿಣಕ್ಕೆ ಮೂರು, ಪೂರ್ವಕ್ಕೆ ಐದು ಬ್ಲಾಕ್. ಬ್ಲಾಕ್ ಒಂದಕ್ಕೆ 10 ಎಕರೆ, ರಸ್ತೆಯ ಅಗಲ 132 ಅಡಿ. ಹಾಗೆಂದು ಪ್ರಾರ್ಥನೆಗೆ ಅತ್ತ ಮುಖ ಮಾಡಬೇಕೆಂಬ ನಿಯಮವಿಲ್ಲ. ಕಿಬ್ಲಾದಂಥ ಕಲ್ಪನೆ ಅವರಲ್ಲಿ ಇಲ್ಲ.

ಪ್ರವೇಶದ ವಿಷಯ: ಭಾನುವಾರದ ಆರಾಧನೆ ನಡೆಯುವ ಸಭಾಮಂದಿರಕ್ಕೆ ಯಾರು ಬೇಕಾದರೂ ಹೋಗಬಹುದು. ದೇವಾಲಯ ಬೇರೆಯೇ, ಭಾನುವಾರ ಅದು ಮುಚ್ಚಿರುತ್ತದೆ. ಅದರೊಳಗೆ ಹೋಗಲು ಅರ್ಹತಾಪತ್ರ ಬೇಕು. ಸ್ಥಳೀಯ ಬಿಷಪ್, ನಂತರ ಅವರ ಮೇಲಿನ ಸ್ಟೇಕ್ (ಹಲವು ಸ್ಥಳೀಯ ಸಭೆಗಳ ಗುಂಪು) ಅಧ್ಯಕ್ಷರ ಕಡೆಯವರು ಪ್ರತ್ಯೇಕವಾಗಿ ಸಂದರ್ಶನ ಮಾಡುತ್ತಾರೆ: ನಂಬಿಕೆ, ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ, ಮದ್ಯ, ತಂಬಾಕು, ಕಾಫಿ, ಟೀ ಬಿಟ್ಟಿರುವುದು, ದಾಂಪತ್ಯನಿಷ್ಠೆ. ಪತ್ರದ ಅವಧಿ ಎರಡು ವರ್ಷ. ಅವಧಿ ಮುಗಿದದ್ದನ್ನು ಗಮನಿಸದೆ ದೂರದಿಂದ ಬಂದವರು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹೊರಗಿನವರಿಗೆ ಒಳಗೆ ನೋಡಲು ಸಿಗುವ ಅವಕಾಶ ಪ್ರತಿಷ್ಠೆಗೆ ಅಥವಾ ನವೀಕರಣದ ನಂತರದ ಮರುಪ್ರತಿಷ್ಠೆಗೆ ಮುಂಚಿನ ಸಾರ್ವಜನಿಕ ವೀಕ್ಷಣೆ ಮಾತ್ರ. ಸಾಲ್ಟ್ ಲೇಕ್ ದೇವಾಲಯಕ್ಕೆ 2027ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಂಥ ವೀಕ್ಷಣೆ ಘೋಷಣೆಯಾಗಿದೆ. 1893ರ ಪ್ರತಿಷ್ಠೆಯ ನಂತರ ಅಲ್ಲಿ ಇದೇ ಮೊದಲು.

ಜಿಜ್ಞಾಸು:
ತುಂಬಾ ಉಪಕಾರವಾಯಿತು. ಹಾಗಾದರೆ ಪಾಲ್ಮೈರಾ, ನಾವೂಗೆ ಅಷ್ಟು ಜನ ಹೋಗುವುದು ಯಾಕೆ? ಅಲ್ಲಿ ಏನು ವಿಧಿ ಇದೆ?

ನಕಾಶೆ:
ವಿಧಿ ಇಲ್ಲ, ನೆನಪಿದೆ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಬಳಿಯ ತೋಪಿನಲ್ಲಿ 1820ರಲ್ಲಿ ಜೋಸೆಫ್ ಸ್ಮಿತ್‌ಗೆ ಮೊದಲ ದರ್ಶನವಾಯಿತು ಎಂಬ ನಂಬಿಕೆ. ಅಲ್ಲಿ ಸುತ್ತು ಬರುವುದಾಗಲಿ, ಗೊತ್ತಾದ ಮಂತ್ರವಾಗಲಿ, ತೊಡಬೇಕಾದ ಉಡುಪಾಗಲಿ ಇಲ್ಲ. ಮೌನವಾಗಿ ನಡೆದು, ಬೇಕಾದಲ್ಲಿ ನಿಂತು ಪ್ರಾರ್ಥಿಸುತ್ತಾರೆ. ಅನ್ಯಮತದವರೂ ಹೋಗಬಹುದು. ಇಲಿನಾಯ್‌ನ ನಾವೂ 1839ರಿಂದ ಅವರು ಕಟ್ಟಿದ ಊರು. 1844ರ ಜೂನ್ 27ರಂದು ಪಕ್ಕದ ಕಾರ್ತೇಜ್ ಜೈಲಿನಲ್ಲಿ ಗುಂಪೊಂದು ಸ್ಮಿತ್‌ರನ್ನು ಕೊಂದಿತು. 1846ರ ಫೆಬ್ರವರಿಯಲ್ಲಿ ಜನ ಊರು ಬಿಡತೊಡಗಿದರು. 1848ರಲ್ಲಿ ಸುಟ್ಟುಹೋದ ದೇವಾಲಯವನ್ನು ಮತ್ತೆ ಕಟ್ಟಿ 2002ರ ಅದೇ ಜೂನ್ 27ರಂದು ಪ್ರತಿಷ್ಠೆ ಮಾಡಿದರು. ಅಲ್ಲಿಂದ ಸಾಲ್ಟ್ ಲೇಕ್ ಕಣಿವೆಗೆ ಸುಮಾರು 2,100 ಕಿ.ಮೀ. ಇಂದಿನ ಯುವಜನರು ಹಳೆಯ ಉಡುಪು ತೊಟ್ಟು, ಕೈಗಾಡಿ ತಳ್ಳಿ ಆ ವಲಸೆಯ ಒಂದು ತುಣುಕನ್ನು ಮತ್ತೆ ನಡೆಯುತ್ತಾರೆ.

ಇಬ್ರಾಹೀಮರ ಪತ್ನಿ ಹಾಜರಾ ನೀರಿಗಾಗಿ ಓಡಿದ ಓಟವನ್ನು ಸಯೀಯಲ್ಲಿ ಮತ್ತೆ ನಡೆಯುವುದೂ ಇಂಥದ್ದೇ ಅನ್ನಿಸಬಹುದು. ಆದರೆ ಸಯೀ ಬಿಟ್ಟರೆ ಹಲವು ವಿದ್ವಾಂಸರ ಪ್ರಕಾರ ಹಜ್ ಕೆಡುತ್ತದೆ, ಕೈಗಾಡಿ ತಳ್ಳದಿದ್ದರೆ ಮಾರ್ಮನ್ನನಿಗೆ ಏನೂ ಕೊರತೆಯಿಲ್ಲ.

ಮೀಕಾತ್:
ಮದೀನಾದ ಸ್ಥಾನ ಇವೆರಡರ ನಡುವಿನದು. ಹಜ್‌ನಲ್ಲಿ ಅದು ಸೇರಿಲ್ಲ. ಹೋಗದಿದ್ದರೂ ಹಜ್ ಪೂರ್ಣ. ಆದರೂ ಪುಣ್ಯಕ್ಕಾಗಿ ಪಯಣಿಸಬಹುದಾದ ಮಸೀದಿಗಳು ಮೂರು ಎಂದು ಹದೀಸ್ ಹೇಳುತ್ತದೆ: ಮಕ್ಕಾದ್ದು, ಮದೀನಾದ್ದು, ಜೆರುಸಲೇಮಿನ ಅಲ್ ಅಕ್ಸಾ. ಕ್ರಿ.ಶ. 624ರಲ್ಲಿ ಕಿಬ್ಲಾ ಬದಲಾಗುವವರೆಗೆ ನಮಾಜಿನ ದಿಕ್ಕು ಜೆರುಸಲೇಮೇ ಆಗಿತ್ತು.

ನಿಮ್ಮ ಪ್ರಬಂಧಕ್ಕೆ ನಗರಗಳ ಹೋಲಿಕೆಗಿಂತ ಬದಲಿ ವಿಧಿಗಳ ಹೋಲಿಕೆ ಹೆಚ್ಚು ಫಲ ಕೊಟ್ಟೀತು. ತೀರಿಹೋದವರ ಅಥವಾ ಗುಣವಾಗದ ಕಾಯಿಲೆಯವರ ಪರವಾಗಿ ಮಾಡುವ ಹಜ್ಜೆ ಬದಲ್ ಇದೆ. ಒಂದು ಹಜ್ ಒಬ್ಬರ ಹೆಸರಿಗೆ ಮಾತ್ರ. ಮಾಡುವವರು ಮೊದಲು ತಮ್ಮ ಹಜ್ ಮುಗಿಸಿರಬೇಕು ಎಂಬುದು ಹಲವು ವಿದ್ವಾಂಸರ ನಿಲುವು. ಹನಫಿ ಪಂಥದವರಲ್ಲಿ ಸ್ವಲ್ಪ ಸಡಿಲಿಕೆ ಇದೆ.

ಹಳೆಕಡತ:
ಇದು ಒಳ್ಳೆಯ ಎಳೆ. ಮಾರ್ಮನ್ ದೇವಾಲಯದಲ್ಲೂ ಎಂಡೋಮೆಂಟ್ (ದೇವರೊಂದಿಗೆ ಒಡಂಬಡಿಕೆ ಮಾಡಿಕೊಳ್ಳುವ) ವಿಧಿಯನ್ನು ಮೊದಲ ಸಲ ತಮಗಾಗಿ ಪಡೆಯುತ್ತಾರೆ. ಆಮೇಲಿನ ಪ್ರತಿ ಸಲವೂ ತೀರಿಹೋದ ಒಬ್ಬರ ಪರವಾಗಿ. ದೀಕ್ಷಾಸ್ನಾನವನ್ನಾದರೆ ಒಂದೇ ಭೇಟಿಯಲ್ಲಿ ಹಲವು ಹೆಸರುಗಳಿಗೆ ಮಾಡಬಹುದು. ವಂಶಾವಳಿ ಹುಡುಕುವುದಕ್ಕೆ ಅವರು ಅಷ್ಟು ಒತ್ತು ಕೊಡುವುದು ಇದಕ್ಕೇ. ಆದರೆ ಒಂದು ಭೇದ ಬರೆಯಲು ಮರೆಯಬೇಡಿ: ಹಜ್ಜೆ ಬದಲ್ ಸತ್ತವರ ಮೇಲಿದ್ದ ಋಣ ತೀರಿಸುತ್ತದೆ. ಮಾರ್ಮನ್ ವಿಧಿಯನ್ನು ಒಪ್ಪುವುದು, ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು.

ಇನ್ನೊಂದು ವಿಷಯ. ಪವಿತ್ರ ನಗರ ಎಂದರೆ ಮಾರ್ಮನ್ ಗ್ರಂಥಗಳಲ್ಲಿ ಬರುವುದು ಸಾಲ್ಟ್ ಲೇಕ್ ಅಲ್ಲ, ಮಿಸೌರಿಯ ಇಂಡಿಪೆಂಡೆನ್ಸ್. 1831ರಲ್ಲಿ ಸ್ಮಿತ್ ಅದನ್ನೇ ಜಿಯೋನ್‌ನ, ಅಂದರೆ ದೇವಜನರ ಪವಿತ್ರ ನಗರದ, ಕೇಂದ್ರ ಎಂದು ಘೋಷಿಸಿದರು. ಅವರು ಗುರುತಿಸಿದ ನಿವೇಶನ ಇಂದು ಚರ್ಚ್ ಆಫ್ ಕ್ರೈಸ್ಟ್ (ಟೆಂಪಲ್ ಲಾಟ್) ಎಂಬ ಸಣ್ಣ ಪಂಗಡದ ಕೈಯಲ್ಲಿದೆ. ಎದುರಿಗೆ ಕಮ್ಯುನಿಟಿ ಆಫ್ ಕ್ರೈಸ್ಟ್ ಪಂಗಡದವರು 1994ರಲ್ಲಿ ಪ್ರತಿಷ್ಠೆ ಮಾಡಿದ, ಸುರುಳಿ ಶಿಖರದ ದೇವಾಲಯವಿದೆ. ಅದು ಎಲ್ಲರಿಗೂ ತೆರೆದಿದೆ. ಓಹಾಯೋದ ಕರ್ಟ್‌ಲೆಂಡ್‌ನಲ್ಲಿ 1836ರಲ್ಲಿ ಪ್ರತಿಷ್ಠೆಯಾದ ಮೊದಲ ದೇವಾಲಯವೂ ಇದೇ ಪಂಗಡದ್ದಾಗಿತ್ತು. 2024ರ ಮಾರ್ಚ್‌ನಲ್ಲಿ ಸಾಲ್ಟ್ ಲೇಕ್ ಚರ್ಚಿಗೆ, ಅಂದರೆ ಮೇಲೆ ಮಾರ್ಮನ್ನರು ಎಂದು ಹೇಳಿದ ಮುಖ್ಯ ಪಂಗಡಕ್ಕೆ, ಮಾರಾಟವಾಯಿತು. ಹಳೆಯ ಪುಸ್ತಕಗಳಿಂದ ಒಡೆತನದ ವಿವರ ಎತ್ತಿಕೊಳ್ಳುವುದಾದರೆ ಈ ವರ್ಷವನ್ನು ನೋಡಿಕೊಳ್ಳಿ. ‘ಮಾರ್ಮನ್’ ಎಂದು ಬರೆಯುವಾಗ ಯಾವ ಪಂಗಡ ಎಂಬುದನ್ನೂ ಮೊದಲೇ ಸ್ಪಷ್ಟಪಡಿಸಿ. ಸಾಲ್ಟ್ ಲೇಕ್ ಚರ್ಚ್ 2018ರಿಂದ ಆ ಅಡ್ಡಹೆಸರು ಬೇಡ, ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ಣ ಹೆಸರನ್ನೇ ಬಳಸಿ ಎಂದು ಕೇಳಿಕೊಂಡಿದೆ.